ಕಿರ್ದಿ ಮುಚ್ಚುವ ಮುನ್ನ ಒಂದು ಸ್ವಂತ ಲೆಕ್ಕ

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ದರ್ಶನ ಪಡೆದವರಿಗೆಲ್ಲ ಆ ಮೂರ್ತಿಯ ಬೆರಳುಗಳ ನಡುವಿನ ಗುಲಗಂಜಿಯ ಕಥೆ ತಿಳಿದಿರುತ್ತದೆ. ಕಾವೇರಿ, ಕಪಿಲಾ ನದಿಗಳು ಗುಪ್ತಗಾಮಿನಿಯೆಂದು ನಂಬಲಾದ ಸ್ಫಟಿಕ ಸರೋವರದೊಡನೆ ಕೂಡುವ ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕದಷ್ಟು ಹೆಚ್ಚಿನದು ಎಂಬುದು ಭಕ್ತರ ನಂಬಿಕೆ. ಗುಲಗಂಜಿ ನಮ್ಮ ಅಕ್ಕಸಾಲಿಗರ ಹಳೆಯ ತೂಕ. ಗ್ರಾಮಿನ ಎಂಟನೆಯ ಒಂದು ಭಾಗದಷ್ಟೇ ಅದರ ಭಾರ. ಆದರೂ ತಕ್ಕಡಿ ಯಾವ ಕಡೆಗೆ ವಾಲಬೇಕೆಂಬುದನ್ನು ನಿರ್ಧರಿಸಲು ಅಷ್ಟು ಸಾಕು. ತೂಕದ ವ್ಯವಹಾರದಲ್ಲಿಯೇ ಬಾಳುವ ವರ್ತಕರಾದ ನಮಗೆ ಈ ಮಾತು ಇತರರಿಗಿಂತ ಬೇಗ ಅರ್ಥವಾಗಬೇಕು.

ಆದರೆ ನಮ್ಮ ಸ್ವಂತ ಜೀವನದ ಗುರಿಗಳ ವಿಷಯದಲ್ಲಿ ನಾವು ಈ ತಕ್ಕಡಿಯನ್ನು ಉಪಯೋಗಿಸುವುದೇ ಇಲ್ಲ. ಸಾಲ ತೀರಿಸಬೇಕು, ಸ್ವಂತ ಗೋದಾಮು ಕಟ್ಟಬೇಕು, ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಳ್ಳುವುದನ್ನು ಬಿಡಬೇಕು, ಆರೋಗ್ಯ ನೋಡಿಕೊಳ್ಳಬೇಕು, ಮಕ್ಕಳೊಡನೆ ಊಟಕ್ಕೆ ಕೂರಬೇಕು ಎಂದು ಯುಗಾದಿಯಂದು ಸಂಕಲ್ಪ ಮಾಡುತ್ತೇವೆ. ಮರುವರ್ಷದ ಯುಗಾದಿಗೆ ಅದೇ ಸಂಕಲ್ಪವನ್ನು ಹೊಸದೆಂಬಂತೆ ಪುನಃ ಮಾಡುತ್ತೇವೆ. ನಡುವಿನ ದಿನಗಳಲ್ಲಿ ಎಷ್ಟು ಮುಂದೆ ಹೋದೆವು, ಎಲ್ಲಿ ಹಿಂದೆ ಬಿದ್ದೆವು ಎಂಬ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ.

ನಮ್ಮ ಹಿರಿಯರ ಸಂಜೆಯ ಅಭ್ಯಾಸ

ನಮ್ಮ ತಂದೆಯವರು ನಂಜನಗೂಡಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ರಾತ್ರಿ ಬಾಗಿಲು ಅರ್ಧ ಎಳೆದ ಮೇಲೆ ಗಲ್ಲಾಪೆಟ್ಟಿಗೆಯ ಹಣ ಎಣಿಸಿ, ಕಿರ್ದಿ ಪುಸ್ತಕದಲ್ಲಿ ಆ ದಿನದ ಜಮೆ ಖರ್ಚುಗಳನ್ನು ಬರೆದು, ಆಖೈರು ಶಿಲ್ಕು ತಾಳೆಯಾದ ನಂತರವೇ ಅವರು ಮನೆಗೆ ಹೊರಡುತ್ತಿದ್ದರು. ಎರಡು ರೂಪಾಯಿ ವ್ಯತ್ಯಾಸ ಬಂದರೂ ಬೆಳಗಿನಿಂದ ನಡೆದುದನ್ನೆಲ್ಲ ಮನಸ್ಸಿನಲ್ಲಿ ಮತ್ತೊಮ್ಮೆ ಓಡಿಸುತ್ತಿದ್ದರು: ಮೊದಲ ಗಿರಾಕಿ ಯಾರು, ಬೆಲ್ಲದ ಲಾರಿ ಬಂದುದು ಯಾವಾಗ, ಸಾಲ ಹೇಳಿದವರು ಯಾರು. ಬಾಲಕನಾಗಿದ್ದ ನನಗೆ ಅದು ಜಿಪುಣತನವಾಗಿ ಕಾಣುತ್ತಿತ್ತು. ಹುಡುಕುತ್ತಿದ್ದುದು ಎರಡು ರೂಪಾಯಿಯಾದರೂ ಅವರಿಗೆ ಸಿಗುತ್ತಿದ್ದುದು ಇಡೀ ದಿನ ಎಂಬುದು ಬಹಳ ತಡವಾಗಿ ನನಗೆ ತಿಳಿಯಿತು.

ಈ ಅಭ್ಯಾಸಕ್ಕೆ ನಮ್ಮ ನಾಡಿನಲ್ಲಿ ದೀರ್ಘವಾದ ಇತಿಹಾಸವಿದೆ. ಇಂದು ಸರ್ಕಾರಿ ಕಚೇರಿಯ ಫೈಲಿಗೆ ನಾವು ‘ಕಡತ’ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಕಪ್ಪಾಗಿಸಿದ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಬಟ್ಟೆಯ ಪುಸ್ತಕ. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದಂತಹ ಸಂಸ್ಥೆಗಳು ಇಂತಹ ಕಡತಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿವೆ. ದಿನದ ವ್ಯವಹಾರವನ್ನು ದಿನವೇ ಬರೆದು ನೋಡುವ ಶಿಸ್ತು ಹೊರಗಿನಿಂದ ಬಂದ ಆಡಳಿತ ಶಾಸ್ತ್ರವಲ್ಲ. ನಮ್ಮದೇ ಕಸುಬಿನ ಆಸ್ತಿ.

ಈಗ ಪರಿಸ್ಥಿತಿ ಬದಲಾಗಿದೆ. 2016ರ ನಂತರ ಯುಪಿಐ ಪಾವತಿ ವ್ಯಾಪಕವಾಯಿತು. 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಗೆ ಬಂದು, ಲೆಕ್ಕವು ಗಣಕಯಂತ್ರಕ್ಕೂ ಲೆಕ್ಕಿಗರ ಕಚೇರಿಗೂ ವರ್ಗವಾಯಿತು. ಇವುಗಳಿಂದ ಆದ ಅನುಕೂಲ ಅಪಾರವೆಂಬುದು ನಿರ್ವಿವಾದ. ಆದರೆ ಹಣವು ಗಲ್ಲಾಪೆಟ್ಟಿಗೆಗೆ ಬೀಳದೆ ನೇರವಾಗಿ ಬ್ಯಾಂಕಿಗೆ ಬೀಳತೊಡಗಿದಂತೆ, ಎಣಿಸುವ ಅಗತ್ಯ ತಪ್ಪಿತು. ಎಣಿಸುವ ಅಗತ್ಯದೊಂದಿಗೆ ಕುಳಿತು ದಿನವನ್ನು ಹಿಂತಿರುಗಿ ನೋಡುವ ಅರ್ಧ ಗಂಟೆಯೂ ತಪ್ಪಿತು. ಶಿಲ್ಕು ಈಗ ತಾನಾಗಿ ತಾಳೆಯಾಗುತ್ತದೆ. ಆದರೆ ಆ ನೆಪದಲ್ಲಿ ನಡೆಯುತ್ತಿದ್ದ ಯೋಚನೆಯನ್ನು ಯಂತ್ರ ಮಾಡಿಕೊಡುವುದಿಲ್ಲ.

ಒಂದು ಸ್ವಾನುಭವ

ಈ ಲೇಖಕನು ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದಾನೆ. ಸ್ವಂತದ ಮಾತು ಇಲ್ಲಿ ಬರುತ್ತಿರುವುದಕ್ಕೆ ವಾಚಕರು ಕ್ಷಮಿಸಬೇಕು. ವಿಷಯವನ್ನು ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನ್ನಲ್ಲಿಲ್ಲ.

2014ರಲ್ಲಿ ಒಂದು ಹಾಳೆಯ ಮೇಲೆ ಮೂರು ಗುರಿಗಳನ್ನು ಬರೆದು ಮೇಜಿನ ಖಾನೆಯಲ್ಲಿ ಇಟ್ಟೆ. ಒಬ್ಬನೇ ದೊಡ್ಡ ಗಿರಾಕಿಯ ಮೇಲಿನ ಅವಲಂಬನೆಯನ್ನು ಕಡಿಮೆ ಮಾಡುವುದು, ಯಂತ್ರಕ್ಕಾಗಿ ಮಾಡಿದ ಸಾಲವನ್ನು ಅವಧಿಗೆ ಮುಂಚೆ ತೀರಿಸುವುದು, ದಿನವೂ ಸಂಜೆ ಏಳರೊಳಗೆ ಮನೆ ಸೇರುವುದು. ಆಗ ನನ್ನ ಒಟ್ಟು ಮಾರಾಟದಲ್ಲಿ ಶೇಕಡ 70ಕ್ಕೂ ಹೆಚ್ಚು ಒಂದೇ ಕಾರ್ಖಾನೆಗೆ ಹೋಗುತ್ತಿತ್ತು. 2019ರಲ್ಲಿ ಆ ಕಾರ್ಖಾನೆಯವರು ತಮ್ಮ ಖರೀದಿಯನ್ನು ಬೇರೆಡೆಗೆ ವರ್ಗಾಯಿಸಿದರು. ಅದು ಅವರ ವ್ಯವಹಾರದ ತೀರ್ಮಾನ. ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಹದಿನಾಲ್ಕು ಜನ ಕೆಲಸಗಾರರ ಸಂಬಳದ ದಿನ ಹತ್ತಿರ ಬರುತ್ತಿತ್ತು. ಕಾಗದಪತ್ರ ಹುಡುಕುವಾಗ ಖಾನೆಯ ತಳದಲ್ಲಿ ಐದು ವರ್ಷದ ಹಿಂದಿನ ಆ ಹಾಳೆ ಸಿಕ್ಕಿತು. ಮೊದಲನೆಯ ಸಾಲು ಓದಿದಾಗ ಆದ ಸಂಕಟವನ್ನು ಬರೆಯಲಾರೆ. ಬರಲಿರುವ ಅಪಾಯ ನನಗೆ ಗೊತ್ತಿತ್ತು. ನನ್ನ ಕೈಬರಹದಲ್ಲಿಯೇ ಇತ್ತು. ಐದು ವರ್ಷಗಳಲ್ಲಿ ಒಮ್ಮೆಯೂ ಅದನ್ನು ತೆಗೆದು ನೋಡಿರಲಿಲ್ಲ.

ಆ ವಾರ ಅಂಗಡಿಬೀದಿಯಿಂದ ಕೆಂಪು ಬಟ್ಟೆಯ ಹೊದಿಕೆಯ ಒಂದು ಕಿರ್ದಿ ಪುಸ್ತಕ ತಂದೆ. ಎಡಗಡೆ ಜಮೆ, ಬಲಗಡೆ ಖರ್ಚು. ಆದರೆ ಬರೆಯಲಾರಂಭಿಸಿದ್ದು ಹಣದ ಲೆಕ್ಕವನ್ನಲ್ಲ.

ಪುಸ್ತಕ ಕಲಿಸಿದ ಮೊದಲ ಪಾಠ

ಪ್ರತಿ ಸಂಜೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುವುದೆಂದು ನಿಯಮ ಮಾಡಿಕೊಂಡೆ. ಒಂದು, ಇಂದು ನನ್ನ ಗುರಿಗಾಗಿ ಏನು ಮಾಡಿದೆ? ಎರಡು, ಏನು ಅಡ್ಡ ಬಂತು, ಅದರಲ್ಲಿ ನನ್ನ ಪಾಲೆಷ್ಟು? ಮೂರು, ನಾಳೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸ ಯಾವುದು?

ಮೊದಲ ದಿನಗಳ ಬರಹ ಹೀಗಿದೆ: ‘ಹೊಸ ಗಿರಾಕಿಯನ್ನು ಕಾಣಲು ಹೋಗಲಿಲ್ಲ. ಯಂತ್ರ ಕೆಟ್ಟಿತ್ತು.’ ಮರುದಿನ ಎರಡನೆಯ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡಾಗ, ಯಂತ್ರವು ಹನ್ನೊಂದು ಗಂಟೆಗೇ ಸರಿಹೋಗಿತ್ತೆಂಬುದು ನೆನಪಾಯಿತು. ಅಪರಿಚಿತರ ಕಚೇರಿಯ ಮುಂದೆ ಕಾಯುವ ಸಂಕೋಚವೇ ನಿಜವಾದ ಅಡ್ಡಿಯಾಗಿತ್ತು. ಕಾರಣಕ್ಕೂ ನೆಪಕ್ಕೂ ಇರುವ ಅಂತರ ಬರೆದು ನೋಡುವವರೆಗೆ ಕಾಣುವುದಿಲ್ಲ.

ನಾಲ್ಕು ವಾರಗಳಾದ ಮೇಲೆ ಪುಟಗಳನ್ನು ಒಟ್ಟಿಗೆ ಓದಿದೆ. ‘ಸಮಯ ಸಿಗಲಿಲ್ಲ’ ಎಂಬ ಮಾತು ಹನ್ನೊಂದು ಸಲ ಬಂದಿತ್ತು. ಸಮಯ ಹೋದುದೆಲ್ಲಿ ಎಂದು ನೋಡಿದರೆ, ಮಧ್ಯಾಹ್ನವೆಲ್ಲ ಬಾಕಿ ವಸೂಲಿಯ ದೂರವಾಣಿ ಕರೆಗಳಿಗೇ ಮುಗಿಯುತ್ತಿತ್ತು. ಬಾಕಿ ಏಕೆ ಅಷ್ಟು ಬೆಳೆಯಿತೆಂದರೆ, ಬಿಲ್ಲಿನ ಮೇಲೆ ಹಣ ಕೊಡಬೇಕಾದ ದಿನಾಂಕವನ್ನೇ ನಾನು ನಮೂದಿಸುತ್ತಿರಲಿಲ್ಲ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಸರಕು ಕೊಂಡವರು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಸಲ್ಲಿಸಬೇಕು; ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ಈ ಕಾಯಿದೆಯ ಬಗ್ಗೆ ಸಭೆಗಳಲ್ಲಿ ಕೇಳಿದ್ದೆ. ಆದರೆ ನನ್ನ ಬಿಲ್ಲಿಗೂ ಅದಕ್ಕೂ ಸಂಬಂಧ ಕಲ್ಪಿಸಿಕೊಟ್ಟಿದ್ದು ಈ ಪುಸ್ತಕದ ಹನ್ನೊಂದು ಸಾಲುಗಳು. ಬಿಲ್ಲಿನ ಮೇಲೆ ದಿನಾಂಕ ಬಂತು. ವಸೂಲಿ ಕರೆಗಳಿಗೆ ವಾರದಲ್ಲಿ ಒಂದು ದಿನ ನಿಗದಿಯಾಯಿತು. ಉಳಿದ ಮಧ್ಯಾಹ್ನಗಳು ನನ್ನ ಕೈಗೆ ಮರಳಿ ಬಂದವು.

ಪರಿಶೀಲನೆ ಯಂತ್ರಕ್ಕೆ ಮಾತ್ರವೇ?

ನಮ್ಮ ಸುತ್ತಲಿನ ಉದ್ಯಮಗಳೇ ಈ ತತ್ತ್ವಕ್ಕೆ ಸಾಕ್ಷಿಯಾಗಿವೆ. ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಾಣಿಕೆ ಕಾರ್ಖಾನೆ ಇದೆ. ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆಗೆ ನೂಲು ಇಲ್ಲಿಂದ ಹೋಗುತ್ತದೆ. ರೇಷ್ಮೆಯ ಕಸುಬಿನಲ್ಲಿ ‘ರೆಂಡಿಟ್ಟ’ ಎಂಬ ಅಳತೆಯೊಂದಿದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬುದೇ ಅದು. ಸಾಮಾನ್ಯವಾಗಿ ಆರರಿಂದ ಎಂಟು ಕಿಲೋ ಬೇಕು. ಆ ಅಂಕಿ ಅರ್ಧ ಕಿಲೋ ಏರಿದರೂ ಗೂಡಿನ ಗುಣದಲ್ಲಿಯೋ ಬಿಚ್ಚಾಣಿಕೆಯಲ್ಲಿಯೋ ದೋಷವಿದೆಯೆಂದು ಬಲ್ಲವರು ಕೂಡಲೇ ಗುರುತಿಸುತ್ತಾರೆ. ನಮ್ಮ ದಿನಕ್ಕೂ ಒಂದು ರೆಂಡಿಟ್ಟವಿದೆ. ಹನ್ನೆರಡು ಗಂಟೆ ದುಡಿದೆವು. ಅದರಲ್ಲಿ ಗುರಿಯ ಕಡೆಗೆ ನಡೆಸಿದ ಗಂಟೆ ಎಷ್ಟು? ಇದನ್ನು ಅಳೆದವರು ವಿರಳ.

ಹಾಗೆಯೇ, ಮೈಸೂರು–ನಂಜನಗೂಡು ರಸ್ತೆಯ ಕಡಕೊಳದ ಬಳಿ ಘಟಕ ಹೊಂದಿರುವ ಟಿವಿಎಸ್ ಮೋಟಾರ್ ಕಂಪನಿಯು 2002ರಲ್ಲಿ ಜಪಾನಿನ ಡೆಮಿಂಗ್ ಪ್ರಶಸ್ತಿಯನ್ನು ಪಡೆಯಿತು. ಡೆಮಿಂಗ್ ಅವರ ಹೆಸರಿನೊಡನೆ ಬೆಸೆದುಕೊಂಡಿರುವ ಗುಣಮಟ್ಟದ ಚಕ್ರದಲ್ಲಿ ನಾಲ್ಕು ಹಂತಗಳು: ಯೋಜನೆ, ಕಾರ್ಯ, ಪರಿಶೀಲನೆ, ತಿದ್ದುಪಡಿ. ಸಣ್ಣ ಉದ್ಯಮಿಗಳಾದ ನಾವು ಮೊದಲೆರಡು ಹಂತಗಳಲ್ಲಿ ಯಾರಿಗೂ ಕಡಿಮೆಯಿಲ್ಲ. ಮೂರನೆಯ ಹಂತವನ್ನು ಸರಕಿಗೆ ಅನ್ವಯಿಸುತ್ತೇವೆ. ಸರಕನ್ನು ಮಾಡುವ ನಮಗೆ ಅನ್ವಯಿಸಿಕೊಳ್ಳುವುದಿಲ್ಲ.

ಈ ನೆಲದ ನಿದರ್ಶನಗಳು

ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1927ರಲ್ಲಿ ಖಾದಿ ಕೇಂದ್ರ ಪ್ರಾರಂಭವಾಯಿತು. ಇದೇ ತಾಲ್ಲೂಕಿನ ತಗಡೂರಿನಲ್ಲಿ ತಗಡೂರು ರಾಮಚಂದ್ರರಾಯರು ಗಾಂಧೀಮಾರ್ಗದ ಆಶ್ರಮವನ್ನು ಕಟ್ಟಿದರು. ಚರಕದ ಕೆಲಸದಲ್ಲಿ ಅಂದಾಜಿಗೆ ಎಡೆಯಿಲ್ಲ. ನೂತ ನೂಲಿನ ಉದ್ದವೆಷ್ಟು, ತೂಕವೆಷ್ಟು, ಎಳೆ ಗಟ್ಟಿಯೋ ಅಲ್ಲವೋ ಎಂಬುದು ಲಡಿಯನ್ನು ಅಳೆದಾಗ ಬಯಲಾಗುತ್ತದೆ. ಗಾಂಧೀಜಿಯವರು ತಮ್ಮ ಆಶ್ರಮವಾಸಿಗಳು ದಿನಚರಿ ಬರೆಯಬೇಕೆಂದು ಒತ್ತಿ ಹೇಳುತ್ತಿದ್ದುದೂ ಇದೇ ದೃಷ್ಟಿಯಿಂದ. ಬರೆಯುವವನು ತನ್ನ ದಿನವನ್ನು ತಾನೇ ಅಳೆದುಕೊಳ್ಳಬೇಕು.

ವರ್ತಕ ಸಮುದಾಯಕ್ಕೆ ಸೇರಿದ ನಮ್ಮ ಜೈನ ಬಾಂಧವರಲ್ಲಿ ‘ಪ್ರತಿಕ್ರಮಣ’ವೆಂಬ ಆಚರಣೆ ಇದೆ. ತಿಳಿದೋ ತಿಳಿಯದೆಯೋ ಆದ ತಪ್ಪುಗಳನ್ನು ನೆನೆದು, ಒಪ್ಪಿಕೊಂಡು, ಸರಿಯಾದ ನಡೆಗೆ ಮರಳುವುದು ಅದರ ಉದ್ದೇಶ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮುದ್ರಣದ ಉದ್ಯಮದಿಂದ ಮೇಲೆ ಬಂದವರು. ತಾವು ರೂಢಿಸಿಕೊಳ್ಳಬೇಕೆಂದಿದ್ದ 13 ಗುಣಗಳನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಂಡು, ತಪ್ಪಿದ ದಿನ ಆ ಗುಣದ ಮುಂದೆ ಒಂದು ಚುಕ್ಕೆ ಇಡುತ್ತಿದ್ದರು. ಚುಕ್ಕೆಗಳು ಪೂರ್ತಿಯಾಗಿ ಇಲ್ಲದಂತಾಗಲಿಲ್ಲವೆಂದೂ, ಆದರೂ ಆ ಪ್ರಯತ್ನದಿಂದ ತಾವು ಉತ್ತಮರಾದೆವೆಂದೂ ಅವರು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಧರ್ಮ ಬೇರೆ, ದೇಶ ಬೇರೆ. ದಿನದ ಲೆಕ್ಕ ನೋಡುವ ಕ್ರಮ ಮಾತ್ರ ಒಂದೇ.

ಇಳಿಕೆಯೂ ಗುಲಗಂಜಿಯ ಲೆಕ್ಕದಲ್ಲಿಯೇ

ಏಳಿಗೆಯಂತೆ ಇಳಿಕೆಯೂ ಸದ್ದಿಲ್ಲದೆ ಬರುತ್ತದೆ. ನಂಜನಗೂಡಿನ ರಸಬಾಳೆಯೇ ಇದಕ್ಕೆ ನಿದರ್ಶನ. ದೇವರಸನಹಳ್ಳಿಯ ಸುತ್ತಲಿನ ಮಣ್ಣಿನಲ್ಲಿ ಬೆಳೆದ ಈ ಹಣ್ಣಿನ ರುಚಿಗೆ ಸಾಟಿಯಿಲ್ಲವೆಂಬ ಹೆಸರು ನಾಡಿಗೆಲ್ಲ ಹಬ್ಬಿತ್ತು. 2005–06ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಆದರೆ ಅಷ್ಟು ಹೊತ್ತಿಗೆ ಪನಾಮ ಸೊರಗು ರೋಗದಿಂದ ತೋಟಗಳು ಬಹುವಾಗಿ ಕುಗ್ಗಿಹೋಗಿದ್ದವು. ರೈತರು ಒಬ್ಬೊಬ್ಬರಾಗಿ ಬೇರೆ ಬೆಳೆಗಳಿಗೆ ಹೊರಳಿದ್ದರು. ರೋಗಕ್ಕೆ ಕಾರಣ ಮಣ್ಣಿನ ಶಿಲೀಂಧ್ರವೇ ಹೊರತು ಯಾರ ಅಲಕ್ಷ್ಯವೂ ಅಲ್ಲ. ಆದರೆ ಹೆಸರು ಉಳಿದಿದೆಯೆಂಬ ಸಮಾಧಾನದಲ್ಲಿ ಹಣ್ಣು ಕಡಿಮೆಯಾಗುತ್ತಿರುವುದನ್ನು ಪೇಟೆಯಲ್ಲಿದ್ದ ನಾವು ಬಹುಕಾಲ ಗಮನಿಸಲಿಲ್ಲ. ನಮ್ಮ ಅಂಗಡಿ, ಕಾರ್ಖಾನೆ, ಆರೋಗ್ಯ, ಕುಟುಂಬ ಇವೆಲ್ಲವುಗಳ ಮಟ್ಟಿಗೂ ಈ ಎಚ್ಚರಿಕೆ ಸಲ್ಲುತ್ತದೆ. ನಾಮಫಲಕ ಹೊಳೆಯುತ್ತಿರುವಾಗಲೇ ಒಳಗಿನ ಸರಕು ಬರಿದಾಗುತ್ತಿರಬಹುದು.

ರೂಢಿಸಿಕೊಳ್ಳುವ ಬಗೆ

ಆಸಕ್ತ ಸದಸ್ಯರಿಗಾಗಿ ಅನುಭವದಿಂದ ಕಂಡುಕೊಂಡ ಕೆಲವು ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಮೊದಲನೆಯದಾಗಿ, ಗುರಿಗಳು ಮೂರನ್ನು ಮೀರಬಾರದು. ಪ್ರತಿಯೊಂದಕ್ಕೂ ಒಂದು ಅಂಕಿ, ಒಂದು ದಿನಾಂಕ, ಒಂದು ಕಾರಣ ಇರಬೇಕು. ‘ಸಾಲ ಕಡಿಮೆ ಮಾಡಬೇಕು’ ಎಂಬುದು ಆಸೆ. ‘ಮುಂದಿನ ಮಾರ್ಚ್ 31ರೊಳಗೆ ಅಸಲಿನಲ್ಲಿ ಎರಡು ಲಕ್ಷ ಕಟ್ಟಬೇಕು’ ಎಂಬುದು ಗುರಿ.

ಎರಡನೆಯದಾಗಿ, ಹೊಸ ಅಭ್ಯಾಸವನ್ನು ಹಳೆಯ ಅಭ್ಯಾಸಕ್ಕೆ ಗಂಟು ಹಾಕಬೇಕು. ಅಂಗಡಿಯ ದೀಪ ಆರಿಸುವ ಮುನ್ನ, ಬೀಗದ ಕೈ ಜೇಬಿಗೆ ಸೇರುವ ಮುನ್ನ ಐದು ನಿಮಿಷ. ಮನೆಗೆ ಹೋಗಿ ಬರೆಯುತ್ತೇನೆಂದವರು ಬರೆಯುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ನಡವಳಿಕೆ ತಾನಾಗಿ ನಡೆಯುವ ಅಭ್ಯಾಸವಾಗಲು ಸರಾಸರಿ 66 ದಿನ ಹಿಡಿದುದು ಕಂಡುಬಂತು. ವ್ಯಕ್ತಿಯಿಂದ ವ್ಯಕ್ತಿಗೆ ಇದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತದೆ. ಒಂದು ದಿನ ತಪ್ಪಿದರೆ ಅಭ್ಯಾಸ ಮುರಿಯುವುದಿಲ್ಲವೆಂದೂ ಆ ಅಧ್ಯಯನ ತಿಳಿಸಿದೆ. ಆದುದರಿಂದ ಮೊದಲ ತಿಂಗಳಲ್ಲಿ ಬೇಸರವಾದರೆ ನಿರಾಶರಾಗಬೇಕಿಲ್ಲ.

ಮೂರನೆಯದಾಗಿ, ದಿನದ ಬರಹವನ್ನು ವಾರಕ್ಕೊಮ್ಮೆ ಓದಬೇಕು. ಓದದ ದಿನಚರಿ ಖಾತೆಗೆ ಏರಿಸದ ಕಿರ್ದಿಯಂತೆ. ತಿಂಗಳಿಗೊಮ್ಮೆ ನೋಡಲು ಹೊಸ ದಿನವನ್ನು ಹುಡುಕುವ ಅಗತ್ಯವಿಲ್ಲ. ಪ್ರತಿ ತಿಂಗಳು ವಿವರಪಟ್ಟಿ ಸಲ್ಲಿಸುವವರಿಗೆ ಜಿಎಸ್‌ಟಿಯ 20ನೆಯ ತಾರೀಖು ಹೇಗೂ ನೆನಪಿರುತ್ತದೆ. ಸರ್ಕಾರಕ್ಕೆ ಲೆಕ್ಕ ಒಪ್ಪಿಸಿದ ದಿನವೇ ತನಗೆ ತಾನೂ ಒಪ್ಪಿಸಿಕೊಳ್ಳಲಿ. ಇನ್ನೂ ದೀರ್ಘವಾದ ಅವಲೋಕನಕ್ಕೆ ತಿರುಮಕೂಡಲಿನ ಕುಂಭಮೇಳದ ಕ್ರಮ ಒಪ್ಪುತ್ತದೆ. 1989ರಲ್ಲಿ ಆರಂಭವಾದ ಈ ಮೇಳವು ಮೂರು ವರ್ಷಗಳಿಗೊಮ್ಮೆ ನಡೆಯುವ ಸಂಪ್ರದಾಯದ್ದು. ಕೋವಿಡ್ ಕಾರಣದಿಂದ 2022ರಲ್ಲಿ ತಪ್ಪಿ, 2025ರ ಫೆಬ್ರವರಿಯಲ್ಲಿ ಮತ್ತೆ ನೆರವೇರಿತು. ತಪ್ಪಿದ ಮಾತ್ರಕ್ಕೆ ಸಂಪ್ರದಾಯ ಮುಗಿಯಲಿಲ್ಲವೆಂಬುದನ್ನೂ ಗಮನಿಸಬೇಕು.

ನಾಲ್ಕನೆಯದಾಗಿ, ಅವಲೋಕನವು ಚಿಂತೆಯಾಗಬಾರದು. ರಾತ್ರಿ ಹಾಸಿಗೆಯಲ್ಲಿ ಹೊರಳಾಡುತ್ತ ಆಗಿಹೋದುದನ್ನು ಮೆಲುಕು ಹಾಕುವುದು ಆತ್ಮಾವಲೋಕನವಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಮೂರನೆಯ ಪ್ರಶ್ನೆಯಲ್ಲಿದೆ. ನಾಳೆಯ ಒಂದು ಕೆಲಸವನ್ನು ಬರೆದೊಡನೆ ಪುಸ್ತಕ ಮುಚ್ಚಬೇಕು. ತನ್ನನ್ನು ತಾನೇ ಬೈದುಕೊಳ್ಳುವುದಕ್ಕೆ ಆ ಪುಟದಲ್ಲಿ ಅಂಕಣವಿಲ್ಲ.

ಇದಕ್ಕೆಲ್ಲ ಸಮಯವೆಲ್ಲಿದೆ ಎಂಬ ಆಕ್ಷೇಪಣೆ ಸಹಜ. ಬೆಂಗಳೂರು ಮೂಲದ ವಿಪ್ರೋ ಸಂಸ್ಥೆಯಲ್ಲಿ ನಡೆಸಿದ ಒಂದು ಪ್ರಯೋಗದ ವರದಿ 2014ರಲ್ಲಿ ಪ್ರಕಟವಾಯಿತು. ತರಬೇತಿಯಲ್ಲಿದ್ದ ನೌಕರರ ಒಂದು ಗುಂಪಿಗೆ ದಿನದ ಕೊನೆಯ 15 ನಿಮಿಷಗಳಲ್ಲಿ ಕಲಿತುದನ್ನು ಬರೆಯಲು ಬಿಡಲಾಗಿತ್ತು. ಅಷ್ಟು ಹೊತ್ತು ಹೆಚ್ಚಾಗಿ ಅಭ್ಯಾಸ ಮಾಡಿದವರಿಗಿಂತ ಈ ಗುಂಪು ಅಂತಿಮ ಪರೀಕ್ಷೆಯಲ್ಲಿ ಸುಮಾರು ಶೇಕಡ 23ರಷ್ಟು ಉತ್ತಮವಾಗಿತ್ತೆಂದು ವರದಿ ಹೇಳಿತು. ಅದರ ಲೇಖಕರಲ್ಲೊಬ್ಬರ ಬೇರೆ ಅಧ್ಯಯನಗಳ ಅಂಕಿಅಂಶಗಳ ಬಗ್ಗೆ ನಂತರದ ವರ್ಷಗಳಲ್ಲಿ ಗಂಭೀರ ಆಕ್ಷೇಪಗಳು ಎದ್ದವು. ಆದುದರಿಂದ ಆ ಶೇಕಡಾವಾರನ್ನು ನೆಚ್ಚಿಕೊಳ್ಳಿರೆಂದು ನಾನು ಹೇಳುವುದಿಲ್ಲ. ಬೇರೆಯವರ ತಕ್ಕಡಿಯನ್ನು ನಂಬುವ ಬದಲು ತಮ್ಮ ತಕ್ಕಡಿಯಲ್ಲಿಯೇ ತೂಗಿ ನೋಡುವುದು ವರ್ತಕನಿಗೆ ಶೋಭೆ. ನಾಲ್ಕು ವಾರ, ದಿನಕ್ಕೆ ಐದು ನಿಮಿಷ. ಒಟ್ಟು ಎರಡೂವರೆ ಗಂಟೆಯನ್ನೂ ಮೀರದ ಬಂಡವಾಳ.

ಕೊನೆಯ ಶಿಲ್ಕು

ನನ್ನ ಲೆಕ್ಕವನ್ನೂ ಒಪ್ಪಿಸಿ ಮುಗಿಸುತ್ತೇನೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ನನ್ನ ಪುಸ್ತಕ ಅರ್ಧ ತುಂಬಿತ್ತು. ಅಷ್ಟರಲ್ಲಿ ಆರು ಹೊಸ ಗಿರಾಕಿಗಳಿದ್ದರು. ಅವರಲ್ಲಿ ಆಹಾರ ಪದಾರ್ಥ ತಯಾರಿಸುವವರಿದ್ದುದರಿಂದ ಘಟಕ ಬೇಗ ಮತ್ತೆ ತೆರೆಯಿತು. ಹದಿನಾಲ್ಕು ಜನರಲ್ಲಿ ಯಾರನ್ನೂ ಬಿಡಿಸಬೇಕಾಗಲಿಲ್ಲ. ಇಂದು ಯಾವ ಒಬ್ಬ ಗಿರಾಕಿಯ ಪಾಲೂ ಶೇಕಡ 30ನ್ನು ಮೀರಿಲ್ಲ. ಯಂತ್ರದ ಸಾಲ ಅವಧಿಗೆ ಏಳು ತಿಂಗಳು ಮುಂಚೆಯೇ ತೀರಿತು. ಮೂರನೆಯ ಗುರಿ, ಸಂಜೆ ಏಳಕ್ಕೆ ಮನೆ ಸೇರುವುದು, ಇನ್ನೂ ಬಾಕಿ ಇದೆ. ಕಳೆದ ತಿಂಗಳು ಒಂಬತ್ತು ದಿನ ಮಾತ್ರ ಸಾಧ್ಯವಾಯಿತು. ಅದಕ್ಕೂ ಹಿಂದಿನ ತಿಂಗಳು ಎಂಟು. ಗುಲಗಂಜಿಯಷ್ಟು ಹೆಚ್ಚು.

ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ವಾಣಿಜ್ಯ ಮಂಡಲಿಯ ಸ್ಥಾಪನೆಗೆ ಪ್ರೇರಣೆ ನೀಡಿದರು. ವರ್ತಕರು ಒಟ್ಟಿಗೆ ಕುಳಿತು ತಮ್ಮ ಸ್ಥಿತಿಗತಿಗಳನ್ನು ಪರಾಮರ್ಶಿಸುವ ಪರಿಪಾಠ ನಮ್ಮಲ್ಲಿ ಬೇರೂರಿದುದು ಇಂತಹ ಪ್ರಯತ್ನಗಳಿಂದ. ಸಭೆಯಲ್ಲಿ ನಾವು ಮಾರುಕಟ್ಟೆಯ ಪರಾಮರ್ಶೆ ಮಾಡುತ್ತೇವೆ, ತೆರಿಗೆಯ ಪರಾಮರ್ಶೆ ಮಾಡುತ್ತೇವೆ. ಸ್ವಂತದ ಪರಾಮರ್ಶೆಯನ್ನು ಮಾತ್ರ ಬೇರೆ ಯಾರೂ ಮಾಡಿಕೊಡಲಾರರು. ಇಂದು ರಾತ್ರಿ ಬಾಗಿಲು ಎಳೆಯುವ ಮುನ್ನ ವರ್ತಕ ಬಾಂಧವರು ಒಂದು ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಬೇಕೆಂದು ವಿನಂತಿ. ಬರೆದ ಹಾಳೆಯನ್ನು ಖಾನೆಯ ತಳದಲ್ಲಿ ಇಡುವುದು ಬೇಡ; ನಾಳೆ ಸಂಜೆ ಕಣ್ಣಿಗೆ ಬೀಳುವ ಜಾಗದಲ್ಲಿ ಇರಲಿ.